ಅಲ್ಲಿ–ಇಲ್ಲಿ ಪಟ್ಟಿಯಿಂದ ಬಿಟ್ಟುಹೋದವರು

ನ್ಯೂಜೆರ್ಸಿಯಲ್ಲಿರುವ ಗೆಳೆಯ ಮತ್ತು ಅವನ ಹೆಂಡತಿ ಕಳೆದ ರಜೆಯಲ್ಲಿ ಪುಣೆಯ ನಮ್ಮ ಮನೆಗೆ ಬಂದು ಎರಡು ದಿನ ಇದ್ದರು. ಅಲ್ಲಿಗೆ ಹೋಗಿ ಒಂಬತ್ತು ವರ್ಷ. ಮಗಳು ಐದನೇ ಕ್ಲಾಸಿಗೆ ಬರುತ್ತಾಳೆ. ಅಲ್ಲೇ ಉಳಿಯುವುದೋ, ವಾಪಸು ಬರುವುದೋ ಎಂಬುದನ್ನು ಇನ್ನು ಮುಂದೂಡುವ ಹಾಗಿಲ್ಲ. ಎರಡನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಗೆಳೆಯ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದ. ಒಂದು ಕಡೆ ‘ಅಲ್ಲಿ’, ಇನ್ನೊಂದು ಕಡೆ ‘ಇಲ್ಲಿ’. ಅಲ್ಲಿ: ಸಂಬಳ, ಗಾಳಿ, ರಸ್ತೆ, ಸರ್ಕಾರಿ ಶಾಲೆ, ಆದರೆ ವೀಸಾ, ಬಂದೂಕು, ಆಸ್ಪತ್ರೆ ಬಿಲ್ಲು. ಇಲ್ಲಿ: ಅಪ್ಪ ಅಮ್ಮ, ಹಬ್ಬ, ಕನ್ನಡ, ಬೇಕೆಂದಾಗ ಡಾಕ್ಟರು, ಆದರೆ ಟ್ರಾಫಿಕ್ಕು, ಧೂಳು, ಟ್ಯೂಷನ್ನು. ‘ಇಲ್ಲಿ’ಯ ಕೆಳಗೆ ಅವನು ಬರೆದ ಇನ್ನೊಂದು ಸಾಲು: ‘ಕೆಲಸದವರು ಸಿಗ್ತಾರೆ.’

ಆ ಹೊತ್ತಿನಲ್ಲಿ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಹಾಲ್‌ನಲ್ಲಿ ನೆಲ ಒರೆಸುತ್ತಿದ್ದರು. ಸೊಸೈಟಿಯಲ್ಲಿ ಎಲ್ಲರೂ ಅವರನ್ನು ‘ಮಾವಶಿ’ ಎಂದು ಕರೆಯುತ್ತಾರೆ. ಅವರು ಅಫಜಲಪುರ ಕಡೆಯವರು, ಮನೆಮಾತು ಕನ್ನಡ, ನಮಗೆ ಅಕ್ಕ. ನಮ್ಮ ಮಾತು ಅವರಿಗೆ ಪೂರ್ತಿ ಅರ್ಥವಾಗುತ್ತದೆ ಎನ್ನುವುದು ಅಂದು ನಮಗ್ಯಾರಿಗೂ ನೆನಪಿರಲಿಲ್ಲ. ಬಟ್ಟೆ ಹಿಂಡುತ್ತಾ ಗೆಳೆಯನ ಹೆಂಡತಿಯನ್ನು ಕೇಳಿದರು: “ಅಕ್ಕಾರ, ಅಲ್ಲಿ ಕಸಾ ಮುಸುರಿಗೆ ಎಷ್ಟ್ ಕೊಡ್ತಾರ್ರಿ?”

ಅವಳು ಸ್ವಲ್ಪ ಯೋಚಿಸಿ, “ಗಂಟೆಗೆ ಹದಿನೈದು ಡಾಲರಿಗಿಂತ ಕಡಿಮೆ ಕೊಡೋ ಹಾಗಿಲ್ಲ, ಕಾನೂನಿದೆ. ನಮ್ಮ ದುಡ್ಡಲ್ಲಿ ಸಾವಿರದ ಮುನ್ನೂರರ ಹತ್ತಿರ” ಎಂದಳು.

“ತಾಸಿಗ್ರಿ? ತಿಂಗಳಿಗಲ್ಲಾ?”

“ತಾಸಿಗೆ.”

“ಅದಕ್ಕ ನೀವಽ ತಿಕ್ಕೋತೀರೇನು” ಅಂತ ಅಕ್ಕ ನಕ್ಕು ಮುಂದಿನ ಕೋಣೆಗೆ ಹೋದರು. ನಾವು ತಿಂಗಳಿಗೆ ಅವರಿಗೆ ಕೊಡುವುದು ಎರಡು ಸಾವಿರದ ಇನ್ನೂರು ರೂಪಾಯಿ, ದಿನಕ್ಕೆ ಸುಮಾರು ಒಂದು ಗಂಟೆಯ ಕೆಲಸಕ್ಕೆ. “ಅಲ್ಲಿ ಬಾಡಿಗೆಯೂ ಹಾಗೇ ಇರುತ್ತೆ” ಎಂದು ಗೆಳೆಯ ಹೇಳಿದ. ಅವನ ಮಾತು ಸರಿಯೇ. ಆದರೂ ಆಮೇಲೆ ಆ ಪಟ್ಟಿ ಮುಂದುವರಿಯಲಿಲ್ಲ.

ಇಂಥ ಪಟ್ಟಿ ನನ್ನ ಗೆಳೆಯನೊಬ್ಬನದಲ್ಲ. ನಾವು ಹೊರನಾಡಿನ, ಹೊರದೇಶದ ಕನ್ನಡಿಗರು ಓದುವ ಬರೆಯುವ ಲೇಖನಗಳಲ್ಲಿ ಇದೇ ಒಂದು ಪ್ರಕಾರವಾಗಿ ನಿಂತುಬಿಟ್ಟಿದೆ. ಅಮೆರಿಕದಲ್ಲಿ ಜೀವನ ಹೇಗೆ, ವಾಪಸು ಬಂದವರ ಅನುಭವವೇನು, ಬೆಂಗಳೂರು ಮೇಲೋ ಸಿಯಾಟಲ್ ಮೇಲೋ. ಈ ಬರಹಗಳಲ್ಲಿ ಪ್ರಾಮಾಣಿಕತೆಗೆ ಕೊರತೆಯಿಲ್ಲ, ಹಲವು ಚೆನ್ನಾಗಿಯೂ ಇವೆ. ಆದರೆ ಬಹುತೇಕ ಎಲ್ಲದರಲ್ಲೂ ಒಂದು ದೋಷವಿದೆ, ಅದು ನನ್ನ ಬರಹಗಳಲ್ಲೂ ಇದೆ. ಬದುಕಿನ ಮಟ್ಟ ಎನ್ನುವುದು ಹವಾಮಾನದ ಹಾಗೆ ಇಡೀ ದೇಶಕ್ಕೆ ಸೇರಿದ ಗುಣ ಎಂದು ನಾವು ಬರೆಯುತ್ತೇವೆ. ಆ ದೇಶದಲ್ಲಿ ಯಾರು ಯಾವ ಜಾಗದಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಅದು ನಿಲ್ಲುತ್ತದೆ ಎನ್ನುವುದನ್ನು ಬಿಟ್ಟುಬಿಡುತ್ತೇವೆ.

ನಮ್ಮ ಹಿಂದಿನವರು ಹೀಗೆ ಮಾಡಿರಲಿಲ್ಲ ಎನ್ನುವುದು ಕಪಾಟಿನ ಮುಂದೆ ನಿಂತಾಗ ಹೊಳೆಯಿತು. ಕನ್ನಡದ ಅಮೆರಿಕ ಪ್ರವಾಸಕಥನಗಳಲ್ಲಿ ಹೆಸರಾದ ನಾಲ್ಕನ್ನು ನೋಡಿ. ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’. ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’. ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’. ಇದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸದ್ಯಕ್ಕೆ ಈ ಪುಸ್ತಕಗಳ ಒಳಗಿನ ಅಭಿಪ್ರಾಯಗಳು ಪಕ್ಕಕ್ಕಿರಲಿ, ಹೆಸರುಗಳನ್ನು ಮಾತ್ರ ಗಮನಿಸಿ. ನಾಲ್ಕರಲ್ಲೂ ದೇಶದ ಜೊತೆಗೆ ಒಬ್ಬ ಮನುಷ್ಯನಿದ್ದಾನೆ. ‘ನಾನು’ ಇದ್ದಾನೆ, ದೀರ್ಘ ಎಳೆದು ತನ್ನನ್ನೇ ಸ್ವಲ್ಪ ಹಾಸ್ಯ ಮಾಡಿಕೊಂಡ ‘ನಾನೂ’ ಇದ್ದಾನೆ, ವಯಸ್ಸಾದವನಿದ್ದಾನೆ, ಹೇಮಾವತಿ ದಂಡೆಯ ಒಂದು ಹಳ್ಳಿಯ ಹೆಸರೇ ತನ್ನ ಹೆಸರಾದವನಿದ್ದಾನೆ. ಕೊನೆಯ ಹೆಸರನ್ನು ಓದುವಾಗ ಒಬ್ಬ ಲೇಖಕ ಮಾತ್ರವಲ್ಲ, ಒಂದು ಊರೇ ಅಮೆರಿಕಕ್ಕೆ ಹೋದ ಹಾಗೆ ಕೇಳುತ್ತದೆ.

ಇದು ಬರೀ ವಿನಯವಲ್ಲ. ನೋಡುವವನು ಎಲ್ಲಿ ನಿಂತು ನೋಡುತ್ತಿದ್ದಾನೆ ಎಂದು ಮೊದಲೇ ಹೇಳಿಬಿಡುವ ಕ್ರಮ. ಸ್ವಾಮಿಯವರು ಹಾರ್ವರ್ಡಿಗೆ ಹೋದದ್ದು ಸಸ್ಯಶಾಸ್ತ್ರದ ಸಂಶೋಧನೆಗೆ. ಅವರ ಅಧ್ಯಾಪನದ ಬಹುಪಾಲು ನಡೆದದ್ದು ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ನಮ್ಮಂತೆಯೇ ಹೊರನಾಡ ಕನ್ನಡಿಗರು. ಕಾಮತರು ಸಿರಾಕ್ಯೂಸಿನಲ್ಲಿ ವಿದ್ಯಾರ್ಥಿ. ಗೊರೂರರು ಎಪ್ಪತ್ತು ದಾಟಿದ ಮೇಲೆ ಹೋದ ಅತಿಥಿ. ಪ್ರಯೋಗಾಲಯದಲ್ಲಿ ಕೂತವನಿಗೆ, ಪರೀಕ್ಷೆ ಬರೆಯುವವನಿಗೆ, ಮನೆಗೆ ಬಂದ ಹಿರಿಯನಿಗೆ ಒಂದೇ ಅಮೆರಿಕ ಕಾಣುವುದು ಸಾಧ್ಯವಿಲ್ಲ. ಓದುಗನಿಗೂ ಅದು ಗೊತ್ತಿರುತ್ತದೆ, ಅದಕ್ಕೆ ತಕ್ಕಂತೆ ಓದಿಕೊಳ್ಳುತ್ತಾನೆ. ಅತಿಥಿಗೆ ಆತಿಥ್ಯ ಕಾಣುತ್ತದೆ, ಬಾಡಿಗೆ ಕಾಣುವುದಿಲ್ಲ. ವಿದ್ಯಾರ್ಥಿಗೆ ಬಾಡಿಗೆ ಕಾಣುತ್ತದೆ, ಮಕ್ಕಳ ಶಾಲೆ ಕಾಣುವುದಿಲ್ಲ.

ಇವರಲ್ಲಿ ಯಾರೂ ಅಲ್ಲಿ ನೆಲೆಸುವ ಲೆಕ್ಕ ಹಾಕಬೇಕಾಗಿರಲಿಲ್ಲ ಎನ್ನುವುದೂ ನಿಜ. 1946ರ ಕಾಯ್ದೆಯ ಪ್ರಕಾರ ಭಾರತದಿಂದ ವಲಸೆ ಹೋಗಲು ಇದ್ದ ಕೋಟಾ ವರ್ಷಕ್ಕೆ 100 ಜನ. 1965ರ ವಲಸೆ ಕಾಯ್ದೆ ಬಂದ ಮೇಲೆ ಆ ಬಾಗಿಲು ಅಗಲವಾಯಿತು. ನಾವು ಬರೆಯುವುದು ಆ ಬಾಗಿಲು ದಾಟಿದ ಮೇಲೆ. ನಮಗೆ ಪ್ರವಾಸಕಥನ ಬೇಡ, ತೀರ್ಮಾನ ಬೇಕು. ತೀರ್ಮಾನದ ಆತುರದಲ್ಲಿ ಶೀರ್ಷಿಕೆಯಿಂದ ಮನುಷ್ಯ ಉದುರಿಹೋದ. ‘ಅಮೆರಿಕದಲ್ಲಿ ನಾನು’ ಎನ್ನುವುದು ‘ಅಮೆರಿಕದಲ್ಲಿ ಜೀವನ’ ಆಯಿತು.

ಮನುಷ್ಯ ಉದುರಿದ ಜಾಗಕ್ಕೆ ಬಂದದ್ದು ಅಂಕಿ. ಈಗ ಯಾವ ಲೇಖನ ನೋಡಿದರೂ ಮಾನವ ಅಭಿವೃದ್ಧಿ ಸೂಚ್ಯಂಕದ ಒಂದು ಸಾಲು ಇದ್ದೇ ಇರುತ್ತದೆ. 2025ರ ವರದಿಯಲ್ಲಿ 193 ದೇಶಗಳ ಪೈಕಿ ಭಾರತ 130ನೆಯದು, ಅಮೆರಿಕ 17ನೆಯದು. ಅಲ್ಲಿಗೆ ವಾದ ಮುಗಿಯಿತು ಎನ್ನುವ ಹಾಗೆ ಬರೆಯುತ್ತಾರೆ. ಈ ಸೂಚ್ಯಂಕವನ್ನು 1990ರಲ್ಲಿ ರೂಪಿಸಿದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಜೊತೆಗಿದ್ದವರು ಅಮರ್ತ್ಯ ಸೇನ್. ಬದುಕಿನಷ್ಟು ಸಂಕೀರ್ಣವಾದದ್ದನ್ನು ಒಂದೇ ಅಂಕಿಯಲ್ಲಿ ಹಿಡಿಯುವುದಕ್ಕೆ ಸೇನರಿಗೆ ಮೊದಲು ಮನಸ್ಸಿರಲಿಲ್ಲ. ದೇಶದ ಒಟ್ಟು ಆದಾಯವನ್ನೇ ದಿಟ್ಟಿಸುತ್ತಿರುವ ಜನರ ಕಣ್ಣು ಬೇರೆ ಕಡೆ ತಿರುಗಬೇಕಾದರೆ ಅಷ್ಟೇ ಒರಟಾದ ಇನ್ನೊಂದು ಅಂಕಿ ಬೇಕು ಎನ್ನುವುದು ಹಕ್ ಅವರ ವಾದ. ಅಂದರೆ ಅದರ ಒರಟುತನ ಅದನ್ನು ಮಾಡಿದವರಿಗೇ ಗೊತ್ತಿತ್ತು. ಅದರಲ್ಲಿರುವುದು ಮೂರು ವಿಷಯ: ಆಯಸ್ಸು, ಶಾಲೆಯ ವರ್ಷಗಳು, ತಲಾ ಆದಾಯ. ಮೂರೂ ಸರಾಸರಿ.

ಸರಾಸರಿಯ ತೊಂದರೆ ಸರಿಪಡಿಸಲು 2010ರಿಂದ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಬರುತ್ತಿದೆ, ಅಸಮಾನತೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು. ಆ ಲೆಕ್ಕದಲ್ಲಿ ಭಾರತದ ಅಂಕಿ ಸುಮಾರು ನೂರಕ್ಕೆ 30ರಷ್ಟು ಕುಸಿಯುತ್ತದೆ. ಅಮೆರಿಕದ್ದೂ ಕುಸಿಯುತ್ತದೆ, ಸುಮಾರು ಹತ್ತರಲ್ಲಿ ಒಂದು ಪಾಲು. ನಮ್ಮ ಲೇಖನಗಳಲ್ಲಿ ಈ ಎರಡನೇ ಅಂಕಿಯನ್ನು ನಾನು ಕಂಡದ್ದು ಕಡಿಮೆ. ಬೇಕಿಲ್ಲದ್ದರಿಂದ ಇರಬಹುದು. ಬರೆಯುವ ನಾವು, ಓದುವ ನೀವು, ಎಲ್ಲರೂ ಆ ಮೂವತ್ತರ ಮೇಲಿನ ದಡದಲ್ಲಿ ಇರುವವರು. ಭಾರತದ 130ನೇ ಸ್ಥಾನ ನಮ್ಮ ಸ್ಥಾನವಲ್ಲ. ಪುಣೆಯ ನಮ್ಮ ಸೊಸೈಟಿಯ ಬದುಕನ್ನು ನ್ಯೂಜೆರ್ಸಿಯ ಬದುಕಿಗೆ ಹೋಲಿಸುವಾಗ ನಾವು ಭಾರತವನ್ನೇ ಹೋಲಿಸುತ್ತಿಲ್ಲ. ಇಲ್ಲಿನ ಮೇಲಿನ ಪಾಲನ್ನು ಅಲ್ಲಿನ ನಡುವಿನ ಪಾಲಿಗೆ ಹೋಲಿಸಿ, ಅದಕ್ಕೆ ದೇಶದ ಹೆಸರು ಕೊಡುತ್ತಿದ್ದೇವೆ.

‘ಇಲ್ಲಿ ಎಲ್ಲ ಅಗ್ಗ’ ಎಂಬ ಮಾತಿಗೆ ಬರೋಣ. ಡಾಲರನ್ನು ಬ್ಯಾಂಕಿನ ದರದಲ್ಲಿ ರೂಪಾಯಿ ಮಾಡಿ ಹೋಲಿಸುವುದು ತಪ್ಪು ಎಂದು ಈಗ ಎಲ್ಲರೂ ಕಲಿತಿದ್ದಾರೆ. ಕೊಳ್ಳುವ ಶಕ್ತಿಯ ಲೆಕ್ಕ ಹಾಕಬೇಕು ಎನ್ನುತ್ತಾರೆ: ಅಲ್ಲಿ ಒಂದು ಡಾಲರಿಗೆ ಸಿಗುವುದು ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಎಂದು. ಸರಿಯಾದ ವಿಧಾನವೇ. ಆದರೆ ಏನು ಅಗ್ಗ ಎಂದು ಒಂದೊಂದಾಗಿ ನೋಡಿ. ಫೋನು ಅಗ್ಗವಲ್ಲ, ಪೆಟ್ರೋಲ್ ಅಗ್ಗವಲ್ಲ, ವಿಮಾನದ ಟಿಕೆಟ್ಟು ಅಗ್ಗವಲ್ಲ. ಅಗ್ಗವಾಗಿರುವುದು ಕ್ಷೌರ, ಇಸ್ತ್ರಿ, ಅಡುಗೆಯವರು, ಡ್ರೈವರು, ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ತರಕಾರಿ. ಇವೆಲ್ಲ ಇನ್ನೊಬ್ಬರ ಸಮಯ. ನಮಗೆ ಅಗ್ಗ ಎನ್ನುವುದು ಅವರಿಗೆ ಸಂಬಳ. ‘ಇಲ್ಲಿ’ಯ ಕಾಲಮ್ಮಿನಲ್ಲಿ ಲಾಭ ಎಂದು ಬರೆದದ್ದು ಅದೇ ‘ಇಲ್ಲಿ’ಯಲ್ಲಿ ಇರುವ ಇನ್ನೊಬ್ಬರ ನಷ್ಟ. ಒಂದೇ ಸಾಲನ್ನು ಎರಡು ಕಡೆ ಬರೆಯಬೇಕಾಗಿತ್ತು, ನಾವು ಒಂದು ಕಡೆ ಮಾತ್ರ ಬರೆದೆವು. ಅಕ್ಕ ಕೇಳಿದ ಪ್ರಶ್ನೆ ಅದನ್ನು ಇನ್ನೊಂದು ಕಡೆಯೂ ಬರೆಸಿತು.

ಹಾಗೆಂದು ಅಮೆರಿಕ ಈ ವಿಷಯದಲ್ಲಿ ಶುದ್ಧವಲ್ಲ. ಅಲ್ಲಿ ಕನಿಷ್ಠ ವೇತನದ ಕಾನೂನು ಬಂದದ್ದು 1938ರಲ್ಲಿ, ಅದರೊಳಗೆ ಮನೆಕೆಲಸದವರನ್ನು ಸೇರಿಸಿದ್ದು 1974ರಲ್ಲಿ. 1935ರ ಕಾರ್ಮಿಕ ಸಂಘಗಳ ಕಾಯ್ದೆಯ ರಕ್ಷಣೆ ಮನೆಕೆಲಸದವರಿಗೂ ಹೊಲಗೆಲಸದವರಿಗೂ ಈಗಲೂ ಇಲ್ಲ. ಸೂಪರ್‌ಮಾರ್ಕೆಟ್ಟಿನ ಸ್ಟ್ರಾಬೆರಿ ಕೀಳುವವರಲ್ಲಿ ಕಾಗದಪತ್ರವಿಲ್ಲದ ವಲಸಿಗರ ಪಾಲು ದೊಡ್ಡದು. ಮನೆಕೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ತಂದ ಒಪ್ಪಂದವನ್ನು ಭಾರತವೂ ಅನುಮೋದಿಸಿಲ್ಲ, ಅಮೆರಿಕವೂ ಅನುಮೋದಿಸಿಲ್ಲ. ವ್ಯತ್ಯಾಸ ಏನೆಂದರೆ, ಅಲ್ಲಿ ನಮ್ಮ ಸುಖದ ಹಿಂದಿನ ಕೈ ದೂರದ ಹೊಲದಲ್ಲಿರುತ್ತದೆ, ಇಲ್ಲಿ ನಮ್ಮ ಅಡುಗೆಮನೆಯಲ್ಲೇ ಇರುತ್ತದೆ. ಅಡುಗೆಮನೆಯಲ್ಲೇ ಇದ್ದರೂ ಪಟ್ಟಿಯೊಳಗೆ ಬರುವುದಿಲ್ಲ ಎನ್ನುವುದು ನಮ್ಮ ಬರಹದ ವಿಶೇಷ.

ಇನ್ನು ಆಸ್ಪತ್ರೆ. ಈ ವಿಷಯದಲ್ಲಿ ವಾಪಸು ಬಂದವರ ಲೇಖನಗಳೆಲ್ಲ ಒಂದೇ ದನಿ: ಅಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕು, ಬಿಲ್ಲು ನೋಡಿದರೆ ಎದೆ ಒಡೆಯುತ್ತದೆ, ಇಲ್ಲಿ ಅದೇ ದಿನ ತಜ್ಞರು ಸಿಗುತ್ತಾರೆ. ಇದರಲ್ಲಿ ಸುಳ್ಳಿಲ್ಲ. 2023ರಲ್ಲಿ ಅಮೆರಿಕ ಆರೋಗ್ಯಕ್ಕೆ ತಲಾ 14,000 ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಅಷ್ಟು ಖರ್ಚಾದರೂ ಆ ವರ್ಷ ಸರಾಸರಿ ಆಯಸ್ಸು 78.4 ವರ್ಷ, ಇದಕ್ಕಿಂತ ಕಡಿಮೆ ಖರ್ಚಿನ ಹಲವು ದೇಶಗಳಲ್ಲಿ ಜನ ಇದಕ್ಕಿಂತ ಹೆಚ್ಚು ಬದುಕುತ್ತಾರೆ. ವಿಮೆ ಬಹುಪಾಲು ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ಅದೂ ಅಲುಗಾಡುತ್ತದೆ. ವಿಮೆಯೇ ಇಲ್ಲದವರು ನೂರಕ್ಕೆ ಸುಮಾರು 8 ಜನ.

ಆದರೆ ‘ಇಲ್ಲಿ’ಯ ಸಾಲನ್ನು ಮತ್ತೆ ಓದಿ. ಅದೇ ದಿನ ತಜ್ಞರು ಸಿಗುವುದು ಯಾರಿಗೆ? ಕಂಪನಿಯ ವಿಮೆ ಇರುವ ನನಗೆ. ಭಾರತದ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2021–22ರಲ್ಲಿ ಒಟ್ಟು ಆರೋಗ್ಯ ಖರ್ಚಿನಲ್ಲಿ ನೂರಕ್ಕೆ 39ರಷ್ಟನ್ನು ಜನ ನೇರವಾಗಿ ತಮ್ಮ ಜೇಬಿನಿಂದ ಕೊಟ್ಟಿದ್ದಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದಾಗ ಸಿಗುವಂಥದ್ದು. ತಿಂಗಳು ತಿಂಗಳು ಬೇಕಾಗುವ ಬಿಪಿ ಮಾತ್ರೆಗೆ, ಓಪಿಡಿಗೆ ಜೇಬೇ ಗತಿ. ಅಕ್ಕನಿಗೆ ಮೊಣಕಾಲು ನೋವು ಬಂದಾಗ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ಹೋಯಿತು. ಆ ಅರ್ಧ ದಿನಕ್ಕೆ ಎರಡು ಮನೆಯವರು ಸಂಬಳ ಹಿಡಿದರು. ಕಾಯುವುದು ಅಲ್ಲಿ ಮಾತ್ರ ಇದೆ ಎಂದು ನಾವು ಬರೆಯುವುದು ಇಲ್ಲಿ ಕಾಯುವವರು ನಾವಲ್ಲದ್ದರಿಂದ.

ಇದೇ ವಿಷಯದಲ್ಲಿ ವಯಸ್ಸು ಕೂಡ ಒಂದು ಜಾಗ. ಅಮೆರಿಕದಲ್ಲಿ 65 ದಾಟಿದವರಿಗೆ 1965ರ ಕಾನೂನಿನಿಂದ ಬಂದ ಮೆಡಿಕೇರ್ ಇದೆ. ಆದರೆ ಮಕ್ಕಳನ್ನು ನೋಡಲು ವಿಸಿಟರ್ ವೀಸಾದಲ್ಲಿ ಹೋದ ಅಪ್ಪ ಅಮ್ಮನಿಗೆ ಅದು ಇಲ್ಲ. ಗ್ರೀನ್ ಕಾರ್ಡ್ ಸಿಕ್ಕ ಹಿರಿಯರಿಗೂ, ಅಲ್ಲಿ ದುಡಿದ ದಾಖಲೆಯಿಲ್ಲದಿದ್ದರೆ, ಐದು ವರ್ಷ ವಾಸವಾದ ಮೇಲೆ ಹಣ ಕಟ್ಟಿ ಸೇರಬಹುದಷ್ಟೇ. ಅಂದರೆ ಒಂದೇ ಮನೆಯಲ್ಲಿ, ಒಂದೇ ಊಟದ ಮೇಜಿನ ಸುತ್ತ ಕೂತ ಮೂರು ತಲೆಮಾರಿಗೆ ಮೂರು ಅಮೆರಿಕ. ಮೊಮ್ಮಗಳು ಅಲ್ಲಿ ಹುಟ್ಟಿದ ಪ್ರಜೆ. ಅಪ್ಪ ವೀಸಾದ ಮೇಲೆ, ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲವೇ ಹೊರಡಬೇಕು. ಅಜ್ಜಿ ಆರು ತಿಂಗಳ ಅತಿಥಿ. ಮೂರ್ತಿರಾಯರು ಪುಸ್ತಕದ ಹೆಸರಿನಲ್ಲೇ ‘ಅಪರವಯಸ್ಕ’ ಎಂದದ್ದು ಈ ಹಿನ್ನೆಲೆಯಲ್ಲಿ ನನಗೆ ಇನ್ನಷ್ಟು ಸರಿ ಎನಿಸುತ್ತದೆ.

ಗೆಳೆಯನ ಪಟ್ಟಿಯಲ್ಲಿ ಬಿಟ್ಟುಹೋದ ಇನ್ನೊಬ್ಬರು ಅವನ ಪಕ್ಕದಲ್ಲೇ ಕೂತಿದ್ದರು. ಅವನ ಹೆಂಡತಿ ಮೊದಲ ವರ್ಷಗಳನ್ನು ಎಚ್–4 ವೀಸಾದಲ್ಲಿ ಕಳೆದವಳು. ಇಂಜಿನಿಯರ್ ಆಗಿದ್ದರೂ ದುಡಿಯುವ ಹಕ್ಕಿರಲಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದರೆ ಹೆಂಡತಿ ಕೆಲಸ ಮಾಡಬಹುದು ಎಂಬ ನಿಯಮ 2015ರಲ್ಲಿ ಬಂತು. ಆ ಹಂತ ತಲುಪಲು ಇವರಿಗೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ಅವನ ಬದುಕಿನ ಮಟ್ಟ ಏರಿತು, ಅವಳದು ಇಳಿಯಿತು. ಇಬ್ಬರದ್ದೂ ಒಂದೇ ಬ್ಯಾಂಕ್ ಖಾತೆ.

ಆದರೂ ಅಲ್ಲೇ ಉಳಿಯುವ ಕಡೆಗೆ ಹೆಚ್ಚು ವಾಲಿರುವವಳು ಅವಳೇ. ಯಾಕೆಂದು ಕೇಳಿದೆ. “ಅಲ್ಲಿ ಇವನು ಪಾತ್ರೆ ತೊಳೀತಾನೆ. ಇಲ್ಲಿ ಬಂದ ಮೂರನೇ ದಿನಕ್ಕೆ ಲೋಟ ಕೂಡ ಎತ್ತಿಡಲ್ಲ” ಎಂದಳು. ತಮಾಷೆಯಾಗಿ ಹೇಳಿದರೂ ಇದಕ್ಕೆ ಅಂಕಿಯ ಬೆಂಬಲವಿದೆ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಆ ಕೆಲಸ ಮಾಡುವ ಗಂಡಸರು, ನಾಲ್ವರಲ್ಲಿ ಒಬ್ಬರಷ್ಟೇ. ಅಮೆರಿಕದ 2022ರ ಸಮೀಕ್ಷೆಯಲ್ಲಿ ಮನೆಕೆಲಸ ಮಾಡಿದ ದಿನಗಳಲ್ಲಿ ಹೆಂಗಸರದು 2.7 ಗಂಟೆ, ಗಂಡಸರದು 2.2 ಗಂಟೆ. ಎರಡೂ ಸಮೀಕ್ಷೆಗಳು ಎಣಿಸುವ ರೀತಿ ಒಂದೇ ಅಲ್ಲ, ಅಲ್ಲಿ ಹುಲ್ಲು ಕತ್ತರಿಸುವುದೂ ಸೇರುತ್ತದೆ. ಆದರೂ ಎರಡು ದೇಶಗಳ ಅಂತರದ ಗಾತ್ರ ಕಾಣದೇ ಇರುವುದಿಲ್ಲ. ‘ಕೆಲಸದವರು ಸಿಗ್ತಾರೆ’ ಎಂಬ ಸಾಲಿಗೆ ಇನ್ನೊಂದು ಅರ್ಥವೂ ಇದೆ ಎಂದು ನನಗೆ ಹೊಳೆದದ್ದು ಆಗ. ಇಲ್ಲಿನ ಗಂಡಸು ಮಾಡದೆ ಬಿಟ್ಟ ಕೆಲಸವನ್ನು ಇನ್ನೊಬ್ಬ ಹೆಂಗಸಿಗೆ ಕಡಿಮೆ ಸಂಬಳಕ್ಕೆ ದಾಟಿಸುತ್ತೇವೆ. ಅವಳು ತನ್ನ ಮನೆಗೆ ಹೋಗಿ ಅದೇ ಕೆಲಸವನ್ನು ಮತ್ತೆ ಮಾಡುತ್ತಾಳೆ.

ಬಾಣಂತಿ ರಜೆಯ ಮಾತೂ ಹೀಗೆಯೇ. ಭಾರತದಲ್ಲಿ 2017ರ ತಿದ್ದುಪಡಿಯಿಂದ 26 ವಾರ ಸಂಬಳ ಸಹಿತ ರಜೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ 1993ರ ಕಾನೂನು ಕೊಡುವುದು 12 ವಾರ, ಸಂಬಳವಿಲ್ಲದೆ, ಅದೂ ದೊಡ್ಡ ಕಂಪನಿಗಳಲ್ಲಿ. ನಾವು ಇದನ್ನು ಹೆಮ್ಮೆಯಿಂದ ಬರೆಯುತ್ತೇವೆ, ಹೆಮ್ಮೆ ಪಡಬೇಕಾದದ್ದೇ. ಆದರೆ ನಮ್ಮಲ್ಲಿ ದುಡಿಯುವ ಹೆಂಗಸರಲ್ಲಿ ಬಹುಪಾಲು ಜನ ಆ ಕಾನೂನು ಮುಟ್ಟುವ ಕಚೇರಿಗಳಲ್ಲೇ ಇಲ್ಲ. 26 ವಾರ ‘ಭಾರತ’ದ್ದಲ್ಲ, ಭಾರತದ ಒಂದು ಸಣ್ಣ ಪಾಲಿನದ್ದು.

ಭಯದ ವಿಷಯವನ್ನೂ ನೋಡಿ. ‘ಅಲ್ಲಿ’ಯ ಕೆಳಗೆ ಗೆಳೆಯ ‘ಬಂದೂಕು’ ಎಂದು ಬರೆದಿದ್ದ. ಬರೆಯಬೇಕಾದದ್ದೇ: 2022ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಮಗಳ ಶಾಲೆಯಲ್ಲಿ ಬಂದೂಕುಧಾರಿ ಬಂದರೆ ಹೇಗೆ ಅಡಗಬೇಕೆಂದು ಅಭ್ಯಾಸ ಮಾಡಿಸುತ್ತಾರೆ ಎಂದು ಹೇಳಿದಾಗ ಅವನ ದನಿ ಬದಲಾಯಿತು. ‘ಇಲ್ಲಿ’ಯ ಕೆಳಗೆ ಅವನು ಬರೆದದ್ದು ‘ಟ್ರಾಫಿಕ್ಕು’, ಅಂದರೆ ತಡವಾಗುತ್ತದೆ ಎಂಬ ಅರ್ಥದಲ್ಲಿ. ಅದೇ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು ಪೊಲೀಸ್ ದಾಖಲೆಯ ಪ್ರಕಾರ 1,68,491. ಅಮೆರಿಕದ ರಸ್ತೆಗಳಲ್ಲಿ ಸುಮಾರು 42,500. ಜನಸಂಖ್ಯೆಗೆ ಭಾಗಿಸಿದರೆ ಎರಡೂ ಕಡೆ ಲಕ್ಷಕ್ಕೆ ಹನ್ನೆರಡರ ಆಸುಪಾಸು. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಾರಿನಲ್ಲೇ ಓಡಾಡುವವರು, ಓಡಾಡುವ ದೂರವೂ ಹೆಚ್ಚು. ಇಲ್ಲಿ ಅಷ್ಟು ಕಾರುಗಳಿಲ್ಲದೆಯೇ ಅಷ್ಟು ಸಾವು. ಸತ್ತವರು ಯಾರು ಎಂದು ನೋಡಿದರೆ ನೂರರಲ್ಲಿ 44 ಜನ ದ್ವಿಚಕ್ರ ವಾಹನದ ಮೇಲಿದ್ದವರು, 19 ಜನ ನಡೆಯುತ್ತಿದ್ದವರು. ಕಾರಿನೊಳಗೆ ಕೂತವನಿಗೆ ಟ್ರಾಫಿಕ್ಕು ಎಂದರೆ ತಡ. ಕಾರಿನ ಹೊರಗಿರುವವನಿಗೆ ಅದೇ ಬಂದೂಕು.

ಹಾಗಾದರೆ ಎರಡು ದೇಶಗಳನ್ನು ಹೋಲಿಸಲೇಬಾರದೇ, ಎಲ್ಲವೂ ಅವರವರ ಜಾಗಕ್ಕೆ ಬಿಟ್ಟದ್ದೇ ಎಂದು ನೀವು ಕೇಳಬಹುದು. ನನ್ನ ಮಾತು ಅದಲ್ಲ. ಹೋಲಿಸಬಹುದಾದದ್ದು, ಹೋಲಿಸಲೇಬೇಕಾದದ್ದು ಒಂದಿದೆ: ಹಣ ಕೊಡದೆ ಎಲ್ಲರಿಗೂ ಸಿಗುವಂಥದ್ದು. ನಲ್ಲಿಯ ನೀರು ಹಾಗೇ ಕುಡಿಯಬಹುದೇ. ಫುಟ್‌ಪಾತಿನ ಮೇಲೆ ಅಜ್ಜಿಯೊಬ್ಬರು ಎಡವದೆ ನಡೆಯಬಹುದೇ. ಹತ್ತಿರದ ಸರ್ಕಾರಿ ಶಾಲೆಗೆ ಮೇಷ್ಟ್ರ ಮಗನೂ ಮಾವಶಿಯ ಮಗನೂ ಹೋಗುತ್ತಾರೆಯೇ. ನ್ಯೂಜೆರ್ಸಿಯ ಪಟ್ಟಣದ ಪಬ್ಲಿಕ್ ಲೈಬ್ರರಿಯಲ್ಲಿ ಗೆಳೆಯನ ಮಗಳು ಒಂದು ಪೈಸೆ ಕೊಡದೆ ಪುಸ್ತಕ ತರುತ್ತಾಳೆ. ಅವರ ಮನೆ ಒರೆಸಲು ಬರುವವರ ಮಗಳೂ, ಅದೇ ಊರಿನಲ್ಲಿದ್ದರೆ, ಅದೇ ಲೈಬ್ರರಿಯಿಂದ ತರಬಹುದು. ಅದು ದೇಶದ ಗುಣ ಎಂದು ಧೈರ್ಯವಾಗಿ ಬರೆಯಬಹುದು. ಅಲ್ಲೂ ಶಾಲೆಗೆ ಬರುವ ದುಡ್ಡು ಆ ಊರಿನ ಆಸ್ತಿ ತೆರಿಗೆಯ ಮೇಲೆ ನಿಂತಿರುವುದರಿಂದ ಒಳ್ಳೆಯ ಶಾಲೆ ಬೇಕಾದವರು ದುಬಾರಿ ಬಡಾವಣೆ ಹುಡುಕುತ್ತಾರೆ ಎಂಬುದನ್ನೂ ಜೊತೆಗೆ ಬರೆಯಬೇಕು.

ಇದಕ್ಕೆ ಎದುರಾಗಿ ‘ಇಲ್ಲಿಯೂ ಬದುಕು ಚೆನ್ನಾಗಿದೆ’ ಎಂದು ವಾದಿಸುವ ಲೇಖನಗಳಲ್ಲಿ ಬರುವ ಸೌಲಭ್ಯಗಳನ್ನು ಪಟ್ಟಿ ಮಾಡಿ ನೋಡಿದೆ. ಇನ್ವರ್ಟರ್, ಆರ್‌ಓ ಫಿಲ್ಟರ್, ಟ್ಯಾಂಕರ್ ನೀರು, ಗೇಟಿನ ಸೆಕ್ಯೂರಿಟಿ, ಇಂಟರ್‌ನ್ಯಾಷನಲ್ ಶಾಲೆ, ಏರ್ ಪ್ಯೂರಿಫೈಯರ್. ಇವನ್ನು ನಾವು ಸೌಕರ್ಯ ಎಂದು ಎಣಿಸುತ್ತೇವೆ. ನಿಜವಾಗಿ ಇವು ಇಲ್ಲದಿರುವ ಸೌಕರ್ಯಗಳ ಬದಲಿ. ಸಾರ್ವಜನಿಕವಾಗಿ ಸಿಗಬೇಕಾದ್ದನ್ನು ನಮ್ಮ ನಮ್ಮ ಮನೆಗೆ ಮಾತ್ರ ಕೊಂಡುಕೊಂಡದ್ದು. ಕೊಂಡುಕೊಂಡ ಮೇಲೆ ಅದನ್ನು ಕೇಳುವ ದನಿಯೂ ಕಡಿಮೆಯಾಗುತ್ತದೆ. ನಮ್ಮ ಸೊಸೈಟಿಗೆ ಟ್ಯಾಂಕರ್ ಬಂದ ಮೇಲೆ ನೀರಿಗಾಗಿ ಕಾರ್ಪೊರೇಟರ್ ಹತ್ತಿರ ಹೋದವರು ನಾನು ನೋಡಿಲ್ಲ. ಅಮೆರಿಕದಲ್ಲಿ ಇದೇ ಜಾತಿಗೆ ಸೇರಿದ್ದು ಕಾರು ಮತ್ತು ಆರೋಗ್ಯ ವಿಮೆ. ಬಸ್ಸಿಲ್ಲದ್ದಕ್ಕೆ ಕಾರು, ಎಲ್ಲರಿಗೂ ಆಸ್ಪತ್ರೆ ಇಲ್ಲದ್ದಕ್ಕೆ ವಿಮೆ. ಹೋಲಿಕೆಯ ಬರಹ ಇವನ್ನು ಲಾಭದ ಕಾಲಮ್ಮಿನಿಂದ ತೆಗೆದು ಖರ್ಚಿನ ಕಾಲಮ್ಮಿಗೆ ಹಾಕಿದರೆ ಎರಡೂ ದೇಶ ಬೇರೆ ಥರ ಕಾಣುತ್ತವೆ.

ನಮ್ಮ ಓದುಗರಿಗೆ ಇನ್ನೊಂದು ಮಾತು ಹೇಳಬೇಕು. ನಾವು ಮುಂಬೈ, ಪುಣೆ, ಹೈದರಾಬಾದು, ಚೆನ್ನೈಗಳಿಗೆ ಬಂದವರು ಹೊರನಾಡ ಕನ್ನಡಿಗ ಎಂದಾಗ ನಮ್ಮನ್ನೇ ನೆನೆಯುತ್ತೇವೆ: ಬ್ಯಾಂಕು, ಐಟಿ, ಕಾಲೇಜು, ಕನ್ನಡ ಸಂಘದ ಗಣೇಶೋತ್ಸವ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮನೆಕೆಲಸಕ್ಕೆ ಇವೇ ಊರುಗಳಿಗೆ ಬಂದವರೂ ಹೊರನಾಡ ಕನ್ನಡಿಗರೇ. ಅವರಿಗೂ ಒಂದು ಅಲ್ಲಿ–ಇಲ್ಲಿ ಪಟ್ಟಿ ಇದೆ. ಅಕ್ಕನ ಪಟ್ಟಿಯಲ್ಲಿ ‘ಊರು’ ಕಡೆ ಎರಡು ಎಕರೆ ಒಣ ಭೂಮಿ, ಮಳೆ ನಂಬಿದ ತೊಗರಿ; ‘ಪುಣೆ’ ಕಡೆ ಆರು ಮನೆ, ಪತ್ರಾ ಹಾಕಿದ ಬಾಡಿಗೆ ಖೋಲಿ, ಮರಾಠಿ ಶಾಲೆಗೆ ಹೋಗುವ ಮಗ. ಎರಡು ದೇಶಗಳ ಹೋಲಿಕೆಗೆ ಬೇಕಾದ ವಿವೇಕವೆಲ್ಲ ಒಂದೇ ದೇಶದೊಳಗಿನ ಈ ಹೋಲಿಕೆಗೂ ಬೇಕು. ಅದನ್ನು ಬರೆದವರು ನಮ್ಮಲ್ಲಿ ಬಹಳ ಕಡಿಮೆ.

ಆದ್ದರಿಂದ ಇಂಥ ಲೇಖನ ಬರೆಯುವವರಿಗೆ, ನನ್ನನ್ನೂ ಸೇರಿಸಿಕೊಂಡು, ನನ್ನ ಕೋರಿಕೆ ದೊಡ್ಡದೇನಲ್ಲ. ಸ್ವಾಮಿ, ಕಾಮತ, ಮೂರ್ತಿರಾಯ, ಗೊರೂರರು ಮಾಡಿದಂತೆ ಬರಹದ ಹೆಸರಿಗೆ ಒಬ್ಬ ಮನುಷ್ಯನನ್ನು ವಾಪಸು ತನ್ನಿ. ಅವನ ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಕಾಗದದ ಮೇಲೆ ಆ ದೇಶದಲ್ಲಿದ್ದಾನೆ, ಅವನ ಮನೆಯ ಪಾತ್ರೆ ಯಾರು ತೊಳೆಯುತ್ತಾರೆ, ಅವರಿಗೆ ಎಷ್ಟು ಸಿಗುತ್ತದೆ, ಇಷ್ಟನ್ನು ಹೇಳಿ. ಆಮೇಲೆ ಗಾಳಿ, ಹಬ್ಬ, ಟ್ರಾಫಿಕ್ಕು ಎಲ್ಲದರ ಬಗ್ಗೆ ಬರೆಯಿರಿ, ನಾವು ನಂಬಿ ಓದುತ್ತೇವೆ.

ಗೆಳೆಯ ಇನ್ನೂ ತೀರ್ಮಾನ ಮಾಡಿಲ್ಲ. ಮೊನ್ನೆ ಫೋನಿನಲ್ಲಿ ಅವನ ಹೆಂಡತಿ ಹೇಳಿದಳು, ಹಳೆಯ ಹಾಳೆ ಬಿಟ್ಟು ನಾಲ್ಕು ಹಾಳೆ ಮಾಡಿಕೊಂಡಿದ್ದಾರಂತೆ: ಅವನಿಗೊಂದು, ಅವಳಿಗೊಂದು, ಮಗಳಿಗೊಂದು, ಧಾರವಾಡದಲ್ಲಿ ಒಬ್ಬರೇ ಇರುವ ಅವನ ಅಮ್ಮನಿಗೊಂದು. ನಾಲ್ಕರ ಉತ್ತರವೂ ಬೇರೆ ಬೇರೆ ಬರುತ್ತಿದೆ, ಅದೇ ಈಗ ಮನೆಯಲ್ಲಿ ಜಗಳ ಎಂದಳು. ನಮ್ಮ ಮನೆಯಲ್ಲಿ ಈ ತಿಂಗಳಿಂದ ಅಕ್ಕನಿಗೆ ಮೂರು ಸಾವಿರ ಕೊಡುತ್ತಿದ್ದೇವೆ, ವಾರಕ್ಕೊಂದು ರಜೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ನೀವು ಹೀಗೆ ರೇಟು ಏರಿಸಿದರೆ ಉಳಿದವರಿಗೆ ಕಷ್ಟ ಎಂದು ಬರೆದಿದ್ದಾರೆ. ಅವರು ಬೋಸ್ಟನ್ನಿನಲ್ಲಿ ಆರು ವರ್ಷ ಇದ್ದು ವಾಪಸು ಬಂದವರು.